ಅಲ್ಟ್ರಾ-ವೈಡ್‌ಬ್ಯಾಂಡ್ ರೇಡಿಯೊ: ಆಂಟೆನಾ ಹಾಗೂ ಸಂಕೇತ ಪ್ರಸರಣದ ಅಳತೆ – ಅರ್ಜಿದಾರರ ಮಾಹಿತಿಗಾಗಿ

1. ಪೀಠಿಕೆ

ಅಲ್ಟ್ರಾ-ವೈಡ್‌ಬ್ಯಾಂಡ್ ರೇಡಿಯೊ ತಂತ್ರಜ್ಞಾನವು ಇಂದು ಮೊಬೈಲ್ ದೂರವಾಣಿ, ಕಾರಿನ ಬೀಗದ ಕೈ, ಗೋದಾಮಿನ ಸರಕಿನ ಸ್ಥಾನ ಗುರುತಿಸುವ ಸಾಧನ, ನೆಲದಡಿಯ ವಸ್ತುಗಳನ್ನು ಪತ್ತೆ ಮಾಡುವ ರೇಡಾರ್ ಮುಂತಾದ ಉಪಕರಣಗಳಲ್ಲಿ ಬಳಕೆಯಲ್ಲಿದೆ. ಇಂತಹ ಉಪಕರಣಗಳನ್ನು ತಯಾರಿಸುವ, ಆಮದು ಮಾಡಿಕೊಳ್ಳುವ ಅಥವಾ ಪ್ರಯೋಗಕ್ಕಾಗಿ ಬಯಲಿನಲ್ಲಿ ಬಳಸುವ ಉದ್ಯಮಿಗಳು, ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸುವ ಮುನ್ನ ಆಂಟೆನಾ ಮತ್ತು ಸಂಕೇತ ಪ್ರಸರಣದ ಅಳತೆಯನ್ನು ಕ್ರಮಬದ್ಧವಾಗಿ ಮಾಡಿಕೊಳ್ಳುವುದು ಅವಶ್ಯಕ. ಅಳತೆಯಲ್ಲಿನ ದೋಷದಿಂದ ಅರ್ಜಿಯು ವಿಳಂಬವಾಗುವುದಷ್ಟೇ ಅಲ್ಲದೆ, ಅನ್ಯ ರೇಡಿಯೊ ಸೇವೆಗಳಿಗೆ ಅಡಚಣೆಯೂ, ಸುರಕ್ಷತಾ ಉಪಕರಣಗಳ ವಿಷಯದಲ್ಲಿ ಜೀವಹಾನಿಯೂ ಸಂಭವಿಸಬಹುದು. ಈ ಕಾರಣದಿಂದ ಸದರಿ ವಿಷಯದ ಮುಖ್ಯಾಂಶಗಳನ್ನು ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಪ್ರದೇಶದ ಉದಾಹರಣೆಗಳೊಡನೆ ಇಲ್ಲಿ ವಿವರಿಸಲಾಗಿದೆ.

2. ಅಲ್ಟ್ರಾ-ವೈಡ್‌ಬ್ಯಾಂಡ್ ಎಂದರೇನು?

ಸಾಮಾನ್ಯ ರೇಡಿಯೊ ಕೇಂದ್ರವು ತನಗೆ ನಿಗದಿಯಾದ ಒಂದು ಕಿರಿದಾದ ಆವರ್ತನ ಪಟ್ಟಿಯಲ್ಲಿ ಹೆಚ್ಚು ಶಕ್ತಿಯನ್ನು ಪ್ರಸಾರ ಮಾಡುತ್ತದೆ. ಅಲ್ಟ್ರಾ-ವೈಡ್‌ಬ್ಯಾಂಡ್ ಉಪಕರಣವು ಇದಕ್ಕೆ ವಿರುದ್ಧವಾಗಿ, ಅತ್ಯಲ್ಪ ಶಕ್ತಿಯನ್ನು ಅತಿ ವಿಶಾಲವಾದ ಪಟ್ಟಿಯ ಮೇಲೆ ತೆಳುವಾಗಿ ಹರಡುತ್ತದೆ. ಗದ್ದೆಗೆ ಒಂದೇ ಮಡೆಯಲ್ಲಿ ನೀರು ನುಗ್ಗಿಸುವುದಕ್ಕೂ, ಅಷ್ಟೇ ನೀರನ್ನು ಇಡೀ ಗದ್ದೆಯ ಮೇಲೆ ಇಬ್ಬನಿಯಂತೆ ಸಿಂಪಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕೆ ಹೋಲಿಸಬಹುದು.

ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ 2002ರ ಫೆಬ್ರವರಿ 14ರಂದು ಅಂಗೀಕರಿಸಿದ ಆದೇಶದಲ್ಲಿ ಇದರ ವ್ಯಾಖ್ಯೆಯು ದೊರೆಯುತ್ತದೆ. ಅದರಂತೆ ಸಂಕೇತದ ಬ್ಯಾಂಡ್‌ವಿಡ್ತ್ 500 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು. ಇಲ್ಲವೇ ಅದರ ಮಧ್ಯ ಆವರ್ತನದ ಶೇಕಡಾ 20ರಷ್ಟಾದರೂ ಇರಬೇಕು. ಸಂವಹನಕ್ಕಾಗಿ 3.1ರಿಂದ 10.6 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ತೆರೆಯಲಾಯಿತು. ಪ್ರತಿ ಮೆಗಾಹರ್ಟ್ಸ್‌ಗೆ ಸರಾಸರಿ ವಿಕಿರಣವು -41.3 ಡಿಬಿಎಂ ಮೀರಬಾರದೆಂದು ಮಿತಿ ಹಾಕಲಾಯಿತು. ಇದು ಸುಮಾರು 74 ನ್ಯಾನೋವ್ಯಾಟ್. 7500 ಮೆಗಾಹರ್ಟ್ಸ್ ಅಗಲದ ಇಡೀ ಪಟ್ಟಿಯನ್ನು ತುಂಬಿದರೂ ಒಟ್ಟು ಶಕ್ತಿಯು ಸುಮಾರು 0.56 ಮಿಲಿವ್ಯಾಟ್ ಮಾತ್ರ. ಸಾಮಾನ್ಯ 4ಜಿ ದೂರವಾಣಿಯೊಂದು ಗರಿಷ್ಠ 200 ಮಿಲಿವ್ಯಾಟ್‌ನಷ್ಟು ಪ್ರಸಾರ ಮಾಡಬಲ್ಲದು ಎಂಬುದನ್ನು ಇದರೊಡನೆ ಹೋಲಿಸಿ ನೋಡಬಹುದಾಗಿದೆ.

ಪಟ್ಟಿಯು ವಿಶಾಲವಾದಷ್ಟೂ ಪಲ್ಸ್ ಚಿಕ್ಕದಾಗುತ್ತದೆ. ಬೆಳಕು ಹಾಗೂ ರೇಡಿಯೊ ತರಂಗಗಳು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಚಲಿಸುತ್ತವೆ. ಆದುದರಿಂದ 500 ಮೆಗಾಹರ್ಟ್ಸ್ ಅಗಲದ ಸಂಕೇತವು, ಹಾದಿಯ ಉದ್ದದಲ್ಲಿ ಸುಮಾರು 60 ಸೆಂಟಿಮೀಟರ್ ವ್ಯತ್ಯಾಸವಿರುವ ಎರಡು ಪ್ರತಿಫಲನಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. 7500 ಮೆಗಾಹರ್ಟ್ಸ್ ಅಗಲದ ಸಂಕೇತಕ್ಕೆ ಈ ವ್ಯತ್ಯಾಸವು ಸುಮಾರು 4 ಸೆಂಟಿಮೀಟರ್ ಸಾಕು. ದೂರ ಅಳೆಯುವ ಕಾರ್ಯಕ್ಕೆ ಈ ತಂತ್ರಜ್ಞಾನವನ್ನು ಆರಿಸಿಕೊಳ್ಳುವುದು ಇದೇ ಕಾರಣಕ್ಕಾಗಿ.

3. ಹಾಸನ ಜಿಲ್ಲೆಯಲ್ಲಿ ವಿಶೇಷ ಎಚ್ಚರಿಕೆ ಏಕೆ?

ಹಾಸನದಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ಕಾರ್ಯನಿರ್ವಹಿಸುತ್ತಿದೆ. 1982ರ ಏಪ್ರಿಲ್‌ನಲ್ಲಿ ಉಡಾವಣೆಯಾದ ಇನ್ಸಾಟ್-1ಎ ಉಪಗ್ರಹದ ಕಾಲದಿಂದಲೂ ದೇಶದ ಭೂಸ್ಥಿರ ಉಪಗ್ರಹಗಳ ನಿಯಂತ್ರಣವು ಇಲ್ಲಿಂದ ನಡೆದು ಬಂದಿದೆ. ಭೂಸ್ಥಿರ ಉಪಗ್ರಹವು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ದೂರದಿಂದ 4 ಗಿಗಾಹರ್ಟ್ಸ್ ಆವರ್ತನದ ಸಂಕೇತವು ಭೂಮಿಯನ್ನು ತಲುಪುವಷ್ಟರಲ್ಲಿ ಸುಮಾರು 196 ಡೆಸಿಬೆಲ್ ಕ್ಷೀಣಿಸಿರುತ್ತದೆ. ಉಪಗ್ರಹಗಳ ಸಿ-ಬ್ಯಾಂಡ್ ಇಳಿಸಂಕೇತಗಳು ಬಳಸುವ 3.7ರಿಂದ 4.2 ಗಿಗಾಹರ್ಟ್ಸ್ ಪಟ್ಟಿಯು ಮೇಲ್ಕಂಡ ಅಲ್ಟ್ರಾ-ವೈಡ್‌ಬ್ಯಾಂಡ್ ವ್ಯಾಪ್ತಿಯ ಒಳಗೇ ಬರುತ್ತದೆ. ಅದರ ಪಕ್ಕದ 4.2ರಿಂದ 4.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವಿಮಾನಗಳು ನೆಲದಿಂದ ತಮ್ಮ ಎತ್ತರವನ್ನು ಅಳೆಯುವ ರೇಡಿಯೊ ಆಲ್ಟಿಮೀಟರುಗಳು ಕೆಲಸ ಮಾಡುತ್ತವೆ.

ಮಿತಿಯೊಳಗಿನ ಒಂದು ಉಪಕರಣವು ದೂರದ ಗ್ರಾಹಕ ಕೇಂದ್ರಕ್ಕೆ ತೊಂದರೆ ಕೊಡುವ ಸಂಭವವು ಕಡಿಮೆ. ಆದರೆ ಮಿತಿ ಮೀರಿದ ಉಪಕರಣ, ಅದರಲ್ಲಿಯೂ ಎತ್ತರದ ಗುಡ್ಡದ ಮೇಲೆ ದಿಕ್ಕು ನಿಗದಿಯಾದ ಆಂಟೆನಾದೊಡನೆ ನಿಲ್ಲಿಸಿದ ಉಪಕರಣದ ವಿಷಯ ಬೇರೆ. ಆದುದರಿಂದ ಪ್ರಯೋಗದ ಸ್ಥಳ, ಎತ್ತರ ಮತ್ತು ಆಂಟೆನಾದ ಮುಖ ಯಾವ ದಿಕ್ಕಿಗಿದೆ ಎಂಬ ವಿವರಗಳನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

4. ಆಂಟೆನಾ ಅಳತೆಯ ಕ್ರಮ

4.1 ಅಳೆಯಬೇಕಾದ ಗುಣಗಳು: ಕಿರಿದಾದ ಪಟ್ಟಿಯ ಆಂಟೆನಾಕ್ಕೆ ಒಂದು ಆವರ್ತನದಲ್ಲಿ ಗೇನ್ ತಿಳಿದರೆ ಬಹುತೇಕ ಸಾಕಾಗುತ್ತದೆ. ವಿಶಾಲ ಪಟ್ಟಿಯ ಆಂಟೆನಾಕ್ಕೆ ಅದು ಸಾಲದು. ಕೆಳಕಂಡ ನಾಲ್ಕು ಗುಣಗಳನ್ನು ಇಡೀ ಪಟ್ಟಿಯುದ್ದಕ್ಕೂ ಅಳೆಯಬೇಕಾಗುತ್ತದೆ.

(ಅ) ಹಿಂತಿರುಗುವ ಶಕ್ತಿ: ಆಂಟೆನಾಕ್ಕೆ ಕೊಟ್ಟ ಶಕ್ತಿಯಲ್ಲಿ ಎಷ್ಟು ಭಾಗವು ಹೊರಹೋಗದೆ ಕೇಬಲ್‌ಗೆ ಮರಳುತ್ತದೆ ಎಂಬುದು. ಮರಳುವ ಭಾಗವು ಹತ್ತನೇ ಒಂದಕ್ಕಿಂತ ಕಡಿಮೆ ಇರಬೇಕೆಂಬುದು ಸಾಮಾನ್ಯ ರೂಢಿ.
(ಆ) ಗೇನ್: ಪ್ರತಿ ದಿಕ್ಕಿನಲ್ಲಿ, ಪ್ರತಿ ಆವರ್ತನದಲ್ಲಿ.
(ಇ) ವಿಳಂಬ: ಬೇರೆ ಬೇರೆ ಆವರ್ತನಗಳು ಆಂಟೆನಾವನ್ನು ದಾಟಲು ಬೇರೆ ಬೇರೆ ಕಾಲ ತೆಗೆದುಕೊಂಡರೆ ಚೂಪಾದ ಪಲ್ಸ್ ಹರಡಿಹೋಗುತ್ತದೆ. ಗೇನ್ ಉತ್ತಮವಾಗಿದ್ದರೂ ದೂರದ ಅಳತೆಯು ಕೆಡುತ್ತದೆ.
(ಈ) ಧ್ರುವೀಕರಣ: ತರಂಗವು ಅಡ್ಡಲಾಗಿ ಕಂಪಿಸುತ್ತದೆಯೋ ನೆಟ್ಟಗೆ ಕಂಪಿಸುತ್ತದೆಯೋ ಎಂಬುದು ದಿಕ್ಕಿನೊಡನೆ ಹೇಗೆ ಬದಲಾಗುತ್ತದೆ ಎಂಬ ವಿವರ.

ಈ ಪಟ್ಟಿಗೆ ಬಳಸುವ ಆಂಟೆನಾಗಳಲ್ಲಿ ಎರಡು ಶಂಕುಗಳ ಬೈಕೋನಿಕಲ್ ಆಂಟೆನಾ, ಚಪ್ಪಟೆ ಹಲಗೆಯ ಮೇಲೆ ಮುದ್ರಿಸಿದ ಮಾನೋಪೋಲ್ ಹಾಗೂ 1979ರಲ್ಲಿ ಪಿ. ಜೆ. ಗಿಬ್ಸನ್ ಅವರು ವಿವರಿಸಿದ ವಿವಾಲ್ಡಿ ಆಂಟೆನಾ ಪ್ರಮುಖವಾದವು. ಕಹಳೆಯ ಬಾಯಿಯಂತೆ ಅಗಲವಾಗುತ್ತ ಹೋಗುವ ಸೀಳು ವಿವಾಲ್ಡಿ ಆಂಟೆನಾದ ಲಕ್ಷಣ.

4.2 ಅಳತೆಯ ದೂರ: ಆಂಟೆನಾಕ್ಕೆ ತೀರ ಸಮೀಪದಲ್ಲಿ ಅಳೆದರೆ ದೊರೆಯುವ ಅಂಕಿಗಳು ದೂರದಲ್ಲಿನ ನಡವಳಿಕೆಯನ್ನು ತಿಳಿಸುವುದಿಲ್ಲ. ಆಂಟೆನಾದ ಅತಿ ಹೆಚ್ಚಿನ ಅಗಲದ ವರ್ಗವನ್ನು ಎರಡರಿಂದ ಗುಣಿಸಿ ತರಂಗದ ಉದ್ದದಿಂದ ಭಾಗಿಸಿದರೆ ಬರುವ ದೂರಕ್ಕಿಂತ ಹೆಚ್ಚು ಅಂತರವನ್ನು ಇರಿಸಿಕೊಳ್ಳಬೇಕು. 10 ಸೆಂಟಿಮೀಟರ್ ಅಗಲದ ಆಂಟೆನಾಕ್ಕೆ 3.1 ಗಿಗಾಹರ್ಟ್ಸ್‌ನಲ್ಲಿ ಈ ದೂರವು ಸುಮಾರು 21 ಸೆಂಟಿಮೀಟರ್, 10.6 ಗಿಗಾಹರ್ಟ್ಸ್‌ನಲ್ಲಿ ಸುಮಾರು 71 ಸೆಂಟಿಮೀಟರ್. ಅಳತೆಯ ದೂರವನ್ನು ಯಾವಾಗಲೂ ಪಟ್ಟಿಯ ಮೇಲಿನ ಅಂಚಿಗೆ ಲೆಕ್ಕ ಹಾಕತಕ್ಕದ್ದು. ಕೆಳ ಅಂಚಿನಲ್ಲಿ ಆಂಟೆನಾವು ತರಂಗದ ಉದ್ದಕ್ಕಿಂತ ಬಹಳ ದೊಡ್ಡದಲ್ಲದ ಕಾರಣ, ಸೂತ್ರದಿಂದ ಬಂದ ದೂರವು ಅಲ್ಲಿ ಸಾಲದೆ ಹೋಗುವ ಸಂಭವವೂ ಉಂಟು. ಚಿಕ್ಕ ಆಂಟೆನಾಗಳಿಗೆ 1ರಿಂದ 3 ಮೀಟರ್ ಅಂತರವು ಅನುಕೂಲಕರ.

ಇದೇ ಸೂತ್ರವನ್ನು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಳ ಬಾಹ್ಯಾಕಾಶ ಸಂಪರ್ಕದ ಆಂಟೆನಾಕ್ಕೆ 8.4 ಗಿಗಾಹರ್ಟ್ಸ್‌ನಲ್ಲಿ ಅನ್ವಯಿಸಿದರೆ ಸುಮಾರು 57 ಕಿಲೋಮೀಟರ್ ಬರುತ್ತದೆ. ಇದು ಅರಸೀಕೆರೆಯಿಂದ ಹಾಸನಕ್ಕಿರುವ ದೂರಕ್ಕಿಂತ ಹೆಚ್ಚು. ಅಂತಹ ದೈತ್ಯ ಆಂಟೆನಾಗಳನ್ನು ನೆಲದ ಮೇಲೆ ಎದುರುಬದುರು ನಿಲ್ಲಿಸಿ ಅಳೆಯುವುದು ಸಾಧ್ಯವಿಲ್ಲವಾದ್ದರಿಂದ ಉಪಗ್ರಹಗಳ ಅಥವಾ ಆಕಾಶದ ರೇಡಿಯೊ ಮೂಲಗಳ ಸಂಕೇತವನ್ನು ಅಳತೆಗೋಲಾಗಿ ಬಳಸುವ ಪದ್ಧತಿಯು ರೂಢಿಯಲ್ಲಿದೆ. ಚಿಕ್ಕ ಆಂಟೆನಾಗಳ ಅರ್ಜಿದಾರರಿಗೆ ಈ ತೊಂದರೆ ಇಲ್ಲ.

4.3 ಮೂರು ಆಂಟೆನಾಗಳ ವಿಧಾನ: ಗೇನ್ ತಿಳಿದಿರುವ ಮಾದರಿ ಆಂಟೆನಾ ಲಭ್ಯವಿಲ್ಲದವರು ಈ ವಿಧಾನವನ್ನು ಅನುಸರಿಸಬಹುದು. ಮೂರು ಆಂಟೆನಾಗಳನ್ನು ಇಬ್ಬಿಬ್ಬರ ಜೋಡಿಯಂತೆ ಮೂರು ಸಲ ಎದುರುಬದುರು ನಿಲ್ಲಿಸಿ ನಷ್ಟವನ್ನು ಅಳೆಯಲಾಗುತ್ತದೆ. ಉದಾಹರಣೆಗಾಗಿ, 6.5 ಗಿಗಾಹರ್ಟ್ಸ್ ಆವರ್ತನದಲ್ಲಿ 3 ಮೀಟರ್ ಅಂತರದ ಬರಿಯ ಗಾಳಿಯ ನಷ್ಟವು 58.2 ಡೆಸಿಬೆಲ್. ಕ ಮತ್ತು ಖ ಜೋಡಿಯ ಅಳತೆಯಲ್ಲಿ 48.2, ಕ ಮತ್ತು ಗ ಜೋಡಿಯಲ್ಲಿ 50.2, ಖ ಮತ್ತು ಗ ಜೋಡಿಯಲ್ಲಿ 51.2 ಡೆಸಿಬೆಲ್ ನಷ್ಟ ಬಂದಿತೆಂದು ಭಾವಿಸಿದರೆ, ಜೋಡಿಗಳ ಒಟ್ಟು ಗೇನ್ ಕ್ರಮವಾಗಿ 10, 8 ಮತ್ತು 7 ಡೆಸಿಬೆಲ್ ಆಗುತ್ತದೆ. ಮೊದಲೆರಡನ್ನು ಕೂಡಿ ಮೂರನೆಯದನ್ನು ಕಳೆದು ಎರಡರಿಂದ ಭಾಗಿಸಿದರೆ ಕ ಆಂಟೆನಾದ ಗೇನ್ 5.5. ಅದರಿಂದ ಖ ಆಂಟೆನಾದ್ದು 4.5 ಹಾಗೂ ಗ ಆಂಟೆನಾದ್ದು 2.5 ಡೆಸಿಬೆಲ್ ಎಂದು ದೊರೆಯುತ್ತದೆ. ಇದೇ ಲೆಕ್ಕವನ್ನು ಪಟ್ಟಿಯ ಪ್ರತಿ ಆವರ್ತನಕ್ಕೂ ಪುನರಾವರ್ತಿಸತಕ್ಕದ್ದು.

4.4 ಅಳತೆಯ ಸ್ಥಳ: ಗೋಡೆ, ಛಾವಣಿ ಮತ್ತು ನೆಲಕ್ಕೆ ತರಂಗವನ್ನು ಹೀರುವ ಮೊನೆಮೊನೆಯಾದ ಫೋಮ್ ಹೊದಿಸಿದ ಪ್ರತಿಫಲನರಹಿತ ಕೊಠಡಿಯು ಅತ್ಯುತ್ತಮ. ಅಂತಹ ಕೊಠಡಿ ಇಲ್ಲದವರು ವಿಶಾಲವಾದ ಸಭಾಂಗಣದಲ್ಲಿ ಅಳೆದು, ಗೋಡೆಗಳಿಂದ ತಡವಾಗಿ ಬಂದ ಪ್ರತಿಫಲನಗಳನ್ನು ಕಾಲದ ಆಧಾರದ ಮೇಲೆ ಕತ್ತರಿಸಿ ಹಾಕಬಹುದು. ನೇರ ಸಂಕೇತದ ಹಾದಿ 3 ಮೀಟರ್ ಇದ್ದು, ಗೋಡೆಗೆ ಬಡಿದು ಬರುವ ಹಾದಿ 9 ಮೀಟರ್ ಇದ್ದರೆ ಎರಡರ ನಡುವೆ ಸುಮಾರು 20 ನ್ಯಾನೋಸೆಕೆಂಡ್ ಬಿಡುವು ಇರುತ್ತದೆ. ವಿಶಾಲ ಪಟ್ಟಿಯ ಅಳತೆಗೆ ಈ ಬಿಡುವು ಧಾರಾಳವಾಗಿ ಸಾಕು.

5. ಸಂಕೇತ ಪ್ರಸರಣದ ಅಳತೆ

5.1 ಉಪಕರಣ: ವೆಕ್ಟರ್ ನೆಟ್‌ವರ್ಕ್ ಅನಲೈಸರ್ ಎಂಬ ಯಂತ್ರವು ಆವರ್ತನಗಳನ್ನು ಒಂದೊಂದಾಗಿ ಕಳುಹಿಸಿ, ಎಷ್ಟು ಕ್ಷೀಣಿಸಿ ಎಷ್ಟು ತಡವಾಗಿ ಬಂದಿತೆಂದು ದಾಖಲಿಸುತ್ತದೆ. ಈ ದಾಖಲೆಯನ್ನು ಗಣಿತದಿಂದ ಕಾಲಕ್ಕೆ ಪರಿವರ್ತಿಸಿದರೆ ಆ ಸ್ಥಳದ ಪ್ರತಿಧ್ವನಿಗಳ ಚಿತ್ರ ದೊರೆಯುತ್ತದೆ. 3.1ರಿಂದ 10.6 ಗಿಗಾಹರ್ಟ್ಸ್‌ವರೆಗೆ 1601 ಬಿಂದುಗಳಲ್ಲಿ ಅಳೆದರೆ ಬಿಂದುಗಳ ನಡುವಿನ ಅಂತರವು ಸುಮಾರು 4.69 ಮೆಗಾಹರ್ಟ್ಸ್ ಆಗಿ, ಸುಮಾರು 213 ನ್ಯಾನೋಸೆಕೆಂಡ್‌ವರೆಗಿನ, ಅಂದರೆ 64 ಮೀಟರ್ ಹಾದಿಯವರೆಗಿನ ಪ್ರತಿಧ್ವನಿಗಳನ್ನು ಗೊಂದಲವಿಲ್ಲದೆ ಗುರುತಿಸಬಹುದು. ಅದಕ್ಕಿಂತ ದೂರದ ಬಂಡೆಯಿಂದ ಬಂದ ಪ್ರತಿಧ್ವನಿಯು ಸಮೀಪದ್ದೆಂಬಂತೆ ತಪ್ಪಾಗಿ ಕಾಣಿಸಿಕೊಳ್ಳುತ್ತದೆ. ಬಯಲಿನ ಅಳತೆಗೆ ಬಿಂದುಗಳ ಸಂಖ್ಯೆಯನ್ನು ಹೆಚ್ಚಿಸುವುದು ಇದಕ್ಕೆ ಪರಿಹಾರ.

ಪ್ರಮುಖ ಸೂಚನೆ: ಈ ಅಳತೆಯ ಯಂತ್ರವೂ ಒಂದು ಪ್ರಸಾರಕವೇ ಆಗಿರುತ್ತದೆ. ಯಂತ್ರವು 1 ಮಿಲಿವ್ಯಾಟ್ ಶಕ್ತಿಯನ್ನು ಒಂದೊಂದೇ ಆವರ್ತನದಲ್ಲಿ ಕಳುಹಿಸುವಾಗ, ಆ ಕ್ಷಣಕ್ಕೆ ಒಂದು ಮೆಗಾಹರ್ಟ್ಸ್ ಒಳಗಿನ ಶಕ್ತಿಯು -41.3 ಡಿಬಿಎಂ ಮಿತಿಗಿಂತ ಹದಿಮೂರು ಸಾವಿರ ಪಟ್ಟಿಗೂ ಹೆಚ್ಚಾಗಿರುತ್ತದೆ. ಉಪಕರಣವು ಅಲ್ಪಶಕ್ತಿಯದು, ಆದುದರಿಂದ ಅದರ ಅಳತೆಗೆ ಅನುಮತಿ ಬೇಡ ಎಂಬ ತಿಳಿವಳಿಕೆಯು ಸರಿಯಲ್ಲ. ಬಯಲಿನ ಅಳತೆಗೆ ಪ್ರತ್ಯೇಕವಾಗಿ ಅನುಮತಿ ಪಡೆಯತಕ್ಕದ್ದು.

5.2 ದೂರ ಮತ್ತು ಆವರ್ತನ: ಅಡೆತಡೆ ಇಲ್ಲದ ಬಯಲಿನಲ್ಲಿ ದೂರವು ಹತ್ತು ಪಟ್ಟು ಹೆಚ್ಚಿದರೆ ನಷ್ಟವು 20 ಡೆಸಿಬೆಲ್ ಹೆಚ್ಚುತ್ತದೆ. 1 ಮೀಟರ್ ದೂರದಲ್ಲಿ 3.1 ಗಿಗಾಹರ್ಟ್ಸ್‌ಗೆ ಸುಮಾರು 42.3 ಡೆಸಿಬೆಲ್, 10.6 ಗಿಗಾಹರ್ಟ್ಸ್‌ಗೆ ಸುಮಾರು 53 ಡೆಸಿಬೆಲ್ ನಷ್ಟವಿರುತ್ತದೆ. ಒಂದೇ ಸಂಕೇತದ ಎರಡು ಅಂಚುಗಳ ನಡುವೆ ಸುಮಾರು 10.7 ಡೆಸಿಬೆಲ್ ವ್ಯತ್ಯಾಸ ಬರುವುದರಿಂದ, ಮಧ್ಯ ಆವರ್ತನವೊಂದರಲ್ಲಿ ಮಾತ್ರ ಲೆಕ್ಕ ಹಾಕಿದ ವರದಿಯು ಅಪೂರ್ಣವೆನಿಸುತ್ತದೆ.

5.3 ಮಾಲೇಕಲ್ಲು ಗುಡ್ಡದಂತಹ ಸ್ಥಳ: ಅರಸೀಕೆರೆ ಸಮೀಪದ ಮಾಲೇಕಲ್ಲು ತಿರುಪತಿಯಲ್ಲಿ ಬೆಟ್ಟದ ಬುಡ, ಮೆಟ್ಟಿಲಿನ ಹಾದಿ ಮತ್ತು ನೆತ್ತಿ ಎಂಬ ಮೂರು ಬಗೆಯ ಪರಿಸರಗಳು ಒಂದೇ ಕಡೆ ದೊರೆಯುತ್ತವೆ. ಬೆಟ್ಟದ ನೆತ್ತಿಯಿಂದ ಬಯಲಿಗೆ ದೃಷ್ಟಿಗೋಚರ ಹಾದಿ ಇರುವೆಡೆ ಸಂಕೇತವು ಮೇಲಿನ ನಿಯಮದಂತೆ ಕ್ಷೀಣಿಸುತ್ತದೆ. ಮೆಟ್ಟಿಲಿನ ತಿರುವಿನಲ್ಲಿ ಬಂಡೆಯು ಅಡ್ಡ ಬಂದೊಡನೆ ನೇರ ಹಾದಿಯು ಕಡಿದುಹೋಗಿ, ಅಂಚಿನಿಂದ ಬಾಗಿ ಬಂದ ಹಾಗೂ ಎದುರು ಬಂಡೆಗೆ ಬಡಿದು ಬಂದ ಸಂಕೇತಗಳು ಮಾತ್ರ ಉಳಿಯುತ್ತವೆ. ಹತ್ತಾರು ಮೀಟರ್ ದಪ್ಪದ ಬಂಡೆಯನ್ನು ಈ ಆವರ್ತನದ ತರಂಗವು ಭೇದಿಸಿ ಹೋಗುವುದಿಲ್ಲ. ಇಂತಹ ಸ್ಥಳದಲ್ಲಿ ಬೆಟ್ಟದ ನೆತ್ತಿಯಲ್ಲಿ ಒಂದು, ಬುಡದಲ್ಲಿ ಒಂದು ಎಂದು ಎರಡೇ ಅಳತೆ ತೆಗೆದು ಸರಾಸರಿ ಹಾಕುವುದು ನಿರುಪಯುಕ್ತ. ತಿರುವಿನ ಎರಡೂ ಕಡೆ ಪ್ರತ್ಯೇಕವಾಗಿ ಅಳೆದು, ದೃಷ್ಟಿಗೋಚರ ಮತ್ತು ದೃಷ್ಟಿ ಮರೆ ಎಂಬ ಎರಡು ಪಟ್ಟಿಗಳಲ್ಲಿ ನಮೂದಿಸತಕ್ಕದ್ದು.

ಜಾತ್ರೆಯ ದಿನ ಮತ್ತು ಸಾಮಾನ್ಯ ದಿನಗಳ ಅಳತೆಯೂ ಒಂದೇ ಆಗಿರುವುದಿಲ್ಲ. ಮನುಷ್ಯ ಶರೀರದಲ್ಲಿನ ನೀರಿನಂಶವು ಈ ತರಂಗಗಳನ್ನು ಬಲವಾಗಿ ತಡೆಯುತ್ತದೆ. ಜನದಟ್ಟಣೆಯಲ್ಲಿ ಮಕ್ಕಳು ಅಥವಾ ವೃದ್ಧರ ಸ್ಥಾನ ತಿಳಿಸುವ ಪಟ್ಟಿಯನ್ನು ಕೈಗೆ ಕಟ್ಟುವ ಯೋಜನೆ ಇರುವವರು ಖಾಲಿ ಮೆಟ್ಟಿಲಿನ ಮೇಲೆ ತೆಗೆದ ಅಳತೆಯನ್ನು ಆಧಾರವಾಗಿ ಕೊಡಬಾರದು.

5.4 ತೆಂಗಿನ ತೋಟ ಮತ್ತು ಮಳೆ: ಅರಸೀಕೆರೆ ಸೀಮೆಯಲ್ಲಿ ತೆಂಗಿನ ತೋಟಗಳು ವಿಪುಲ. ಕಾಂಡಗಳ ನಡುವೆ, ಗರಿಗಳ ಕೆಳಗೆ ಸಾಗುವ ಹಾದಿಗೂ, ಗರಿಗಳ ಮಟ್ಟದಲ್ಲಿ ಸಾಗುವ ಹಾದಿಗೂ ನಷ್ಟದಲ್ಲಿ ವ್ಯತ್ಯಾಸವಿರುತ್ತದೆ. ಆದುದರಿಂದ ಆಂಟೆನಾದ ಎತ್ತರವನ್ನು ತಪ್ಪದೆ ಬರೆಯಬೇಕು. ಹತ್ತಾರು ಮೀಟರ್ ದೂರಕ್ಕೆ ಬೀಳುವ ಮಳೆಹನಿಯಿಂದಾಗುವ ನಷ್ಟವು ಈ ಪಟ್ಟಿಯಲ್ಲಿ ನಗಣ್ಯ. ಆದರೆ ನೆನೆದ ಎಲೆ, ನೆನೆದ ಗೋಡೆ ಮತ್ತು ನೆನೆದ ಆಂಟೆನಾ ಹೊದಿಕೆಯಿಂದ ನಷ್ಟವು ಗಮನಾರ್ಹವಾಗಿ ಏರುತ್ತದೆ. ಮಲೆನಾಡಿನ ಅಂಚಿನ ಬೇಲೂರಿನಲ್ಲಿ ಬೇಸಿಗೆಯ ಅಳತೆಯನ್ನು ಮಳೆಗಾಲಕ್ಕೆ ಅನ್ವಯಿಸುವಂತಿಲ್ಲ.

5.5 ನೆಲದಡಿಯ ಅಳತೆ: ನೆಲವನ್ನು ಭೇದಿಸುವ ರೇಡಾರ್ ಸಹ ವಿಶಾಲ ಪಟ್ಟಿಯ ಉಪಕರಣವೇ. ಅದು ಸಾಮಾನ್ಯವಾಗಿ 1 ಗಿಗಾಹರ್ಟ್ಸ್ ಆಸುಪಾಸಿನ ಹಾಗೂ ಅದಕ್ಕಿಂತ ಕಡಿಮೆ ಆವರ್ತನಗಳನ್ನು ಬಳಸುತ್ತದೆ. ಒಣ ಗ್ರಾನೈಟ್‌ನಲ್ಲಿ ತರಂಗದ ವೇಗವು ಗಾಳಿಯಲ್ಲಿನ ವೇಗದ ಅರ್ಧಕ್ಕಿಂತ ಕಡಿಮೆ. ನೀರಿನಲ್ಲಿ ಸುಮಾರು ಒಂಬತ್ತನೇ ಒಂದು ಭಾಗ. ವೇಗವನ್ನು ತಪ್ಪಾಗಿ ಭಾವಿಸಿದರೆ ಪೈಪು ಅಥವಾ ಅಡಿಪಾಯದ ಆಳವೂ ತಪ್ಪಾಗುತ್ತದೆ. ಆದಕಾರಣ ಆಳ ಗೊತ್ತಿರುವ ಒಂದು ವಸ್ತುವಿನ ಮೇಲೆ ಮೊದಲು ಅಳೆದು, ಆ ಮಣ್ಣಿನ ವೇಗವನ್ನು ನಿರ್ಧರಿಸಿಕೊಂಡು ಮುಂದುವರಿಯುವುದು ಕ್ರಮ.

6. ಸುರಕ್ಷತಾ ಉಪಕರಣಗಳಲ್ಲಿ ಅಳತೆಯ ಮಹತ್ವ

ಕಲ್ಲು ಕ್ವಾರಿ, ಜಲ್ಲಿ ಕ್ರಷರ್ ಹಾಗೂ ದೊಡ್ಡ ವಾಹನಗಳು ಓಡಾಡುವ ಅಂಗಳಗಳಲ್ಲಿ ಕಾರ್ಮಿಕರು ಯಂತ್ರದ ಸಮೀಪಕ್ಕೆ ಬಂದರೆ ಗಂಟೆ ಬಾರಿಸುವ ಉಪಕರಣಗಳಿಗೆ ಈ ತಂತ್ರಜ್ಞಾನವನ್ನು ಬಳಸಲಾಗುತ್ತದೆ. ಅರ್ಜಿದಾರರು ಅತ್ಯಂತ ಎಚ್ಚರಿಕೆಯಿಂದ ಗಮನಿಸಬೇಕಾದ ಭಾಗವಿದು.

ಉಪಕರಣವು ದೂರವನ್ನು ಸಂಕೇತದ ಪ್ರಯಾಣ ಕಾಲದಿಂದ ಲೆಕ್ಕ ಹಾಕುತ್ತದೆ. ಕಾರ್ಮಿಕನು ಯಂತ್ರದಿಂದ 6 ಮೀಟರ್ ದೂರದಲ್ಲಿದ್ದಾನೆ ಎಂದು ಭಾವಿಸೋಣ. ನೇರ ಸಂಕೇತಕ್ಕೆ 20 ನ್ಯಾನೋಸೆಕೆಂಡ್ ಸಾಕು. ಆದರೆ ಕಲ್ಲಿನ ರಾಶಿಯೊಂದು ನೇರ ಹಾದಿಯನ್ನು ಮುಚ್ಚಿದ್ದು, ಗೋಡೆಗೆ ಬಡಿದು 9 ಮೀಟರ್ ಹಾದಿಯಲ್ಲಿ ಬಂದ ಸಂಕೇತವು ಮಾತ್ರ 30 ನ್ಯಾನೋಸೆಕೆಂಡಿಗೆ ತಲುಪಿದರೆ, ಉಪಕರಣವು ದೂರವನ್ನು 9 ಮೀಟರ್ ಎಂದು ತೋರಿಸುತ್ತದೆ. 8 ಮೀಟರ್ ಒಳಗೆ ಬಂದಾಗ ಬಾರಿಸಬೇಕಾದ ಗಂಟೆಯು ಬಾರಿಸುವುದಿಲ್ಲ. ಈ ಬಗೆಯ ದೋಷವು ದೂರವನ್ನು ಹೆಚ್ಚಾಗಿಯೇ ತೋರಿಸುತ್ತದೆ. ಅಂದರೆ ದೋಷವು ಸದಾ ಅಪಾಯದ ಕಡೆಗೇ ವಾಲಿರುತ್ತದೆ. ಹಲವು ಬಾರಿ ಅಳೆದು ಸರಾಸರಿ ತೆಗೆದರೂ ಇದು ಸರಿಹೋಗುವುದಿಲ್ಲ.

ಆದಕಾರಣ ಸುರಕ್ಷತಾ ಉಪಕರಣಗಳ ಪ್ರಸರಣ ಅಳತೆಯಲ್ಲಿ ಕೆಳಕಂಡ ಸ್ಥಿತಿಗಳು ಕಡ್ಡಾಯವಾಗಿ ಇರುವುದು ಒಳಿತು.
(ಅ) ಉಪಕರಣವನ್ನು ಧರಿಸಿದ ವ್ಯಕ್ತಿಯು ಯಂತ್ರಕ್ಕೆ ಬೆನ್ನು ಮಾಡಿ ನಿಂತ ಸ್ಥಿತಿ.
(ಆ) ವ್ಯಕ್ತಿಯು ಬಾಗಿದ ಅಥವಾ ನೆಲದ ಮೇಲೆ ಬಿದ್ದ ಸ್ಥಿತಿ.
(ಇ) ಇಬ್ಬರು ಅಥವಾ ಮೂವರು ಅಡ್ಡ ನಿಂತ ಸ್ಥಿತಿ.
(ಈ) ಲೋಹದ ವಾಹನ ಅಥವಾ ಕಲ್ಲಿನ ರಾಶಿಯು ಮರೆಯಾದ ಸ್ಥಿತಿ.
ಸಂಕೇತವು ದೊರೆಯದಿದ್ದಾಗ ಉಪಕರಣವು ಮೌನವಾಗದೆ ಎಚ್ಚರಿಕೆ ನೀಡುವಂತೆ ಇರಬೇಕೆಂಬುದನ್ನೂ ತಯಾರಕರು ಪರಿಶೀಲಿಸಿಕೊಳ್ಳುವುದು.

7. ವಿಕಿರಣ ಮಿತಿಯ ಪರಿಶೀಲನೆ

ಮಿತಿಯು ಪ್ರಸಾರಕದಿಂದ ಹೊರಬರುವ ಶಕ್ತಿಗಲ್ಲ, ಆಂಟೆನಾದ ಗೇನ್ ಸೇರಿದ ವಿಕಿರಣಕ್ಕೆ ಅನ್ವಯಿಸುತ್ತದೆ. -41.3 ಡಿಬಿಎಂ ಮಿತಿ ಇರುವಲ್ಲಿ 5 ಡೆಸಿಬೆಲ್ ಗೇನ್ ಉಳ್ಳ ಆಂಟೆನಾವನ್ನು ಜೋಡಿಸಿದರೆ ಪ್ರಸಾರಕದ ಶಕ್ತಿಯು ಪ್ರತಿ ಮೆಗಾಹರ್ಟ್ಸ್‌ಗೆ -46.3 ಡಿಬಿಎಂ ಮೀರುವಂತಿಲ್ಲ. ಉತ್ತಮ ಆಂಟೆನಾ ಹಾಕಿದ ಮಾತ್ರಕ್ಕೆ ಪ್ರಸಾರದ ವ್ಯಾಪ್ತಿಯು ಹೆಚ್ಚುವುದಿಲ್ಲ. ಗ್ರಹಿಸುವ ಬದಿಯಲ್ಲಿ ಮಾತ್ರ ಅದರ ಪ್ರಯೋಜನ ದೊರೆಯುತ್ತದೆ. ಈ ಮಿತಿಯು 3 ಮೀಟರ್ ದೂರದಲ್ಲಿ ಪ್ರತಿ ಮೀಟರ್‌ಗೆ 500 ಮೈಕ್ರೋವೋಲ್ಟ್ ಕ್ಷೇತ್ರಬಲಕ್ಕೆ ಸಮ. ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ 1 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಇರಿಸಿ ಸರಾಸರಿ ಅಳೆಯುವುದು ರೂಢಿ. ಇಷ್ಟು ದುರ್ಬಲ ಸಂಕೇತವು ಯಂತ್ರದ ಸ್ವಂತ ಗದ್ದಲದಲ್ಲಿ ಮುಳುಗದಂತೆ ಕಡಿಮೆ ಗದ್ದಲದ ಆಂಪ್ಲಿಫೈಯರ್ ಬಳಸಬೇಕಾಗುತ್ತದೆ. ಉಪಕರಣವನ್ನು ಆಫ್ ಮಾಡಿ ತೆಗೆದ ಅಳತೆಯನ್ನೂ ವರದಿಗೆ ಸೇರಿಸತಕ್ಕದ್ದು.

8. ಅನುಮತಿಗೆ ಸಂಬಂಧಿಸಿದ ವಿವರ

8.1 ಭಾರತದಲ್ಲಿ ರೇಡಿಯೊ ಆವರ್ತನಗಳ ವಿಷಯವನ್ನು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಮತ್ತು ಕೋಆರ್ಡಿನೇಷನ್ ವಿಭಾಗವು ನಿರ್ವಹಿಸುತ್ತದೆ. ರಾಜ್ಯ ಸರ್ಕಾರದ ಕಚೇರಿಗಳು, ಗ್ರಾಮ ಪಂಚಾಯಿತಿ ಅಥವಾ ಪುರಸಭೆಯು ಈ ಅನುಮತಿಯನ್ನು ನೀಡಲು ಬರುವುದಿಲ್ಲ. 1885ರ ಭಾರತೀಯ ತಂತಿ ಕಾಯ್ದೆ ಮತ್ತು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಗಳ ಸ್ಥಾನದಲ್ಲಿ ರೂಪಿಸಲಾದ 2023ರ ದೂರಸಂಪರ್ಕ ಕಾಯ್ದೆಯ ಪ್ರಕರಣಗಳನ್ನು 2024ರಿಂದ ಹಂತಹಂತವಾಗಿ ಜಾರಿಗೆ ತರಲಾಗಿದೆ.

8.2 ಪರವಾನಗಿಯಿಂದ ವಿನಾಯಿತಿಯು ರಾಜಪತ್ರದ ಅಧಿಸೂಚನೆಯ ಮೂಲಕ, ನಿರ್ದಿಷ್ಟ ಆವರ್ತನ ಹಾಗೂ ನಿರ್ದಿಷ್ಟ ಶಕ್ತಿಗೆ ಮಾತ್ರ ದೊರೆಯುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಗೆ 2005ರಲ್ಲಿ, 5 ಗಿಗಾಹರ್ಟ್ಸ್‌ನ ಕೆಲವು ಪಟ್ಟಿಗಳಿಗೆ 2018ರಲ್ಲಿ ಇಂತಹ ವಿನಾಯಿತಿ ನೀಡಲಾಯಿತು. ಅಮೆರಿಕದ ಮಿತಿಗೆ ಒಪ್ಪುವ ಉಪಕರಣವು ಭಾರತದಲ್ಲಿ ತಾನಾಗಿಯೇ ಅನುಮತಿ ಪಡೆದಂತಾಗುವುದಿಲ್ಲ. ಉಪಕರಣವನ್ನು ಖರೀದಿಸುವ ಮುನ್ನವೇ ಅದರ ಆವರ್ತನ ಮತ್ತು ಶಕ್ತಿಯನ್ನು ಚಾಲ್ತಿಯಲ್ಲಿರುವ ಭಾರತೀಯ ಅಧಿಸೂಚನೆಯೊಡನೆ ಹೋಲಿಸಿ ನೋಡತಕ್ಕದ್ದು.

8.3 ವಿನಾಯಿತಿ ಪಡೆದ ಪಟ್ಟಿಯ ಉಪಕರಣಕ್ಕೆ ಸಲಕರಣೆ ಮಾದರಿ ಅನುಮೋದನೆ ಹಾಗೂ ಪ್ರಯೋಗ ಅಥವಾ ಪ್ರದರ್ಶನಕ್ಕೆ ಬೇಕಾದ ಪರವಾನಗಿಗಳಿಗಾಗಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದಾಗಿದೆ.

8.4 ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಮುಂತಾದವು ಕೇಂದ್ರ ಸಂರಕ್ಷಿತ ಸ್ಮಾರಕಗಳು. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಸಂರಕ್ಷಿತ ಸ್ಮಾರಕಗಳ ಕುರಿತ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್‌ವರೆಗೆ ನಿಯಂತ್ರಿತ ಪ್ರದೇಶ. ಆಂಟೆನಾ ಕಂಬಕ್ಕಾಗಿ ಅಡಿಪಾಯ ತೋಡುವುದು ಈ ನಿಯಮಗಳಿಗೆ ಒಳಪಡುತ್ತದೆ. ಸ್ಮಾರಕದ ಆವರಣದೊಳಗೆ ಟ್ರೈಪಾಡ್ ನಿಲ್ಲಿಸಿ ಅಳೆಯುವುದಾದರೂ ಭಾರತೀಯ ಪುರಾತತ್ವ ಸರ್ವೇಕ್ಷಣ ಸಂಸ್ಥೆಯ ಅನುಮತಿ ಪಡೆಯತಕ್ಕದ್ದು. ಸಂರಕ್ಷಿತವಲ್ಲದ ದೇವಾಲಯಗಳ ಆವರಣದಲ್ಲಿ ಆಯಾ ದೇವಾಲಯದ ಆಡಳಿತದ ಲಿಖಿತ ಒಪ್ಪಿಗೆಯನ್ನು ಪಡೆಯುವುದು ಸೂಕ್ತ. ಅಧ್ಯಯನಕ್ಕೆ ಕಲ್ಲಿನ ಪರಿಸರವಷ್ಟೇ ಸಾಕಾಗಿದ್ದಲ್ಲಿ ಸ್ಮಾರಕದ ಬದಲು ಬೇರೆ ಕಲ್ಲುಕಟ್ಟಡವನ್ನು ಆರಿಸಿಕೊಳ್ಳುವುದರಿಂದ ಕಾಲ ಉಳಿಯುತ್ತದೆ.

9. ಅಳತೆ ವರದಿಯಲ್ಲಿ ಇರಬೇಕಾದ ಅಂಶಗಳು

1. ಸ್ಥಳದ ಹೆಸರು, ಅಕ್ಷಾಂಶ ಮತ್ತು ರೇಖಾಂಶ, ದಿನಾಂಕ, ವೇಳೆ, ಹವಾಮಾನ.
2. ಆಂಟೆನಾಗಳ ವಿಧ, ಎತ್ತರ, ದಿಕ್ಕು, ಧ್ರುವೀಕರಣ ಮತ್ತು ಇಡೀ ಪಟ್ಟಿಯ ಗೇನ್ ನಕ್ಷೆ.
3. ಅಳತೆಯ ಯಂತ್ರದ ಮಾದರಿ ಮತ್ತು ಅದರ ಕ್ಯಾಲಿಬ್ರೇಷನ್ ಪ್ರಮಾಣಪತ್ರದ ದಿನಾಂಕ.
4. ಕೇಬಲ್‌ಗಳ ಉದ್ದ ಮತ್ತು ನಷ್ಟ. 10 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಉದ್ದದ ಕೇಬಲ್ ಅಳತೆಯನ್ನೇ ಕೆಡಿಸಬಲ್ಲದು.
5. ದೃಷ್ಟಿಗೋಚರ ಮತ್ತು ದೃಷ್ಟಿ ಮರೆಯ ಅಳತೆಗಳ ಪ್ರತ್ಯೇಕ ಪಟ್ಟಿ.
6. ಪ್ರತಿ ಬಿಂದುವಿನಲ್ಲಿ ತೆಗೆದ ಅಳತೆಗಳ ಸಂಖ್ಯೆ ಹಾಗೂ ಅವುಗಳ ಏರಿಳಿತ. ಸರಾಸರಿಯೊಂದನ್ನೇ ಕೊಡತಕ್ಕದ್ದಲ್ಲ.
7. ಉಪಕರಣ ಆಫ್ ಇದ್ದಾಗಿನ ಹಿನ್ನೆಲೆ ಗದ್ದಲದ ಅಳತೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ದೂರವಾಣಿಯಲ್ಲಿ ಅಲ್ಟ್ರಾ-ವೈಡ್‌ಬ್ಯಾಂಡ್ ಸೌಲಭ್ಯವಿದೆ. ನಾನು ಪರವಾನಗಿ ಪಡೆಯಬೇಕೆ?
ಉತ್ತರ: ದೇಶದಲ್ಲಿ ಕ್ರಮಬದ್ಧವಾಗಿ ಮಾರಾಟವಾಗುವ ದೂರವಾಣಿಗಳಿಗೆ ಅನುಮೋದನೆ ಪಡೆಯುವುದು ತಯಾರಕರ ಅಥವಾ ಆಮದುದಾರರ ಹೊಣೆ. ಬಳಕೆದಾರರು ಪ್ರತ್ಯೇಕವಾಗಿ ಅರ್ಜಿ ಸಲ್ಲಿಸುವ ಅಗತ್ಯವಿಲ್ಲ.

ಪ್ರಶ್ನೆ: ಕಾಲೇಜಿನ ಪ್ರಯೋಗಾಲಯದ ಒಳಗೆ ಅಳೆದರೂ ಅನುಮತಿ ಬೇಕೆ?
ಉತ್ತರ: ಪ್ರಸಾರಕದಿಂದ ಗ್ರಾಹಕಕ್ಕೆ ಕೇಬಲ್ ಮೂಲಕವೇ ಜೋಡಿಸಿದ ಅಥವಾ ತರಂಗವು ಹೊರಹೋಗದಂತೆ ಲೋಹದಿಂದ ಮುಚ್ಚಿದ ಕೊಠಡಿಯೊಳಗಿನ ಪ್ರಯೋಗಕ್ಕೂ, ಗಾಳಿಯಲ್ಲಿ ಪ್ರಸಾರ ಮಾಡುವ ಪ್ರಯೋಗಕ್ಕೂ ನಿಯಮಗಳು ಬೇರೆ. ಸಾಮಾನ್ಯ ಕೊಠಡಿಯ ಕಿಟಕಿಗಳ ಮೂಲಕ ಸಂಕೇತವು ಹೊರಹೋಗುತ್ತದೆ. ಅರ್ಜಿಯಲ್ಲಿ ಕೊಠಡಿಯ ಸ್ವರೂಪವನ್ನು ತಿಳಿಸಿ ಸೂಕ್ತ ವರ್ಗವನ್ನು ಆಯ್ಕೆ ಮಾಡಿಕೊಳ್ಳುವುದು.

ಪ್ರಶ್ನೆ: ಆಂಟೆನಾ ತಯಾರಕರು ಕೊಟ್ಟ ವಿವರಪತ್ರವಿದ್ದರೆ ಮತ್ತೆ ಅಳೆಯಬೇಕೆ?
ಉತ್ತರ: ಅಳೆಯುವುದು ಒಳಿತು. ವಿವರಪತ್ರದ ಅಂಕಿಗಳು ಬರಿಯ ಆಂಟೆನಾದವು. ಅದನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಬ್ಯಾಟರಿಯ ಪಕ್ಕದಲ್ಲಿ ಅಥವಾ ಮೈಮೇಲೆ ಇರಿಸಿದಾಗ ಗೇನ್ ಮತ್ತು ದಿಕ್ಕು ಬದಲಾಗುತ್ತವೆ.

ಪ್ರಶ್ನೆ: ಗುಡ್ಡದ ಮರೆಯ ನಮ್ಮ ಊರಿಗೆ ಇದರಿಂದ ಮೊಬೈಲ್ ಸಂಕೇತ ತರಬಹುದೆ?
ಉತ್ತರ: ಸಾಧ್ಯವಿಲ್ಲ. ಇದು ಹತ್ತಾರು ಮೀಟರ್ ವ್ಯಾಪ್ತಿಯ ತಂತ್ರಜ್ಞಾನ. ಮೊಬೈಲ್ ಸಂಕೇತದ ಕೊರತೆಯ ದೂರನ್ನು ಸಂಬಂಧಪಟ್ಟ ಸೇವಾ ಕಂಪನಿಗೆ ಸಲ್ಲಿಸುವುದು. ಅನುಮತಿ ಇಲ್ಲದ ಸಂಕೇತವರ್ಧಕಗಳನ್ನು ಅಳವಡಿಸುವುದು ಕಾನೂನುಬಾಹಿರ. ಅದರಿಂದ ಸುತ್ತಲಿನವರ ಸಂಪರ್ಕವೂ ಕೆಡುತ್ತದೆ.

11. ಗಮನಿಸಿ

ಈ ಪುಟದಲ್ಲಿ ನೀಡಿರುವ ವಿವರಣೆಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಆವರ್ತನ, ಶಕ್ತಿ ಮಿತಿ ಹಾಗೂ ಶುಲ್ಕಗಳ ಬಗ್ಗೆ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ರಾಜಪತ್ರದ ಅಧಿಸೂಚನೆಯೇ ಅಂತಿಮ. ಅರ್ಜಿದಾರರು ಮಧ್ಯವರ್ತಿಗಳನ್ನು ಆಶ್ರಯಿಸದೆ ನೇರವಾಗಿ ಅರ್ಜಿ ಸಲ್ಲಿಸುವುದು. ಅಳತೆಯ ಮೂಲ ದಾಖಲೆಗಳನ್ನು ಉಪಕರಣವು ಬಳಕೆಯಲ್ಲಿರುವವರೆಗೂ ಕಾಯ್ದಿರಿಸಿಕೊಂಡು, ಸಂಬಂಧಿಸಿದ ಅಧಿಕಾರಿಗಳು ಕೇಳಿದಾಗ ಹಾಜರುಪಡಿಸಲು ಕೋರಲಾಗಿದೆ.